ಜೀವಂತ ಸಿಗಡಿಯೋ, ಲೂರೋ? ಅಳಿವೆಯಲ್ಲಿ ಎರಡನ್ನೂ ಹಾಕಿ ನೋಡಿದೆ

ಗೈಡ್ ಜೊತೆ ಅಳಿವೆಗೆ ಮೀನು ಹಿಡಿಯಲು ಹೊರಟರೆ ದೋಣಿ ಹತ್ತುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ. ಜೀವಂತ ಸಿಗಡಿ ಹಾಕುತ್ತೀರಾ, ಲೂರ್ (ಕೃತಕ ಆಮಿಷ) ಎಸೆಯುತ್ತೀರಾ? ನಾನು ಎರಡನ್ನೂ ಮಾಡಿ ನೋಡಿದ್ದೇನೆ, ಒಂದೇ ನೀರಲ್ಲಿ, ಒಂದೇ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಪಕ್ಕ. ಗುರಿ ಬಾರಮುಂಡಿ ಮತ್ತು ಮ್ಯಾಂಗ್ರೋವ್ ಜ್ಯಾಕ್ ಎಂಬ ಎರಡು ಬೇಟೆ ಮೀನುಗಳು. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಮೊದಲ ಸಲ ಹೋಗುತ್ತಿದ್ದು, ಮೀನು ಸಿಗಲೇಬೇಕು ಅಂದರೆ ಸಿಗಡಿ. ಆ ನೀರು ಅರ್ಥವಾಗಬೇಕು ಅಂದರೆ ಲೂರ್. ನನ್ನ ಮನಸ್ಸು ಲೂರ್ ಕಡೆಗೇ.

ಸಿಗಡಿ ನಿಮ್ಮ ಅರ್ಧ ಕೆಲಸವನ್ನು ತಾನೇ ಮಾಡುತ್ತದೆ. ಅದರ ತಲೆಯ ಮೇಲೆ ಮುಳ್ಳಿನಂಥ ಕೊಂಬಿದೆಯಲ್ಲ, ಅದರ ಬುಡದಲ್ಲಿ ಗಾಳ ಚುಚ್ಚಬೇಕು. ಚಿಪ್ಪಿನೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಗಾಳ ಅದಕ್ಕೆ ತಗುಲಿದರೆ ಸಿಗಡಿ ಅಲ್ಲೇ ಸತ್ತಿತು. ಸರಿಯಾಗಿ ಚುಚ್ಚಿದರೆ ಬಹಳ ಹೊತ್ತು ಕಾಲಾಡಿಸುತ್ತಾ ಇರುತ್ತದೆ, ಆಗಾಗ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ನೀರು ಎಷ್ಟೇ ಕದಡಿದ್ದರೂ ಆ ಅಲುಗಾಟ ಮತ್ತು ವಾಸನೆಗೆ ಮೀನು ಬಂದೇ ಬರುತ್ತದೆ.

ತೊಂದರೆ ಏನೆಂದರೆ, ಬೇಡದವೂ ಬರುತ್ತವೆ. ಬೆಕ್ಕುಮೀನು, ಪಫರ್ ಮೀನು, ಕೈಬೆರಳಿನಷ್ಟು ಮರಿಗಳು. ಬೆಕ್ಕುಮೀನಿನ ರೆಕ್ಕೆಯ ಮುಳ್ಳಿನಲ್ಲಿ ವಿಷ ಇರುತ್ತದೆ, ಅದನ್ನು ಗೈಡ್ ಕೈಗೇ ಬಿಡಿ. ಇನ್ನೊಂದು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಬಿಸಿಲೇರಿದ ಹಾಗೆ ಡಬ್ಬಿಯಲ್ಲಿರುವ ಸಿಗಡಿಗಳು ಸೋಲುತ್ತವೆ. ದೋಣಿಯಲ್ಲಿ ಗಾಳಿ ಪಂಪ್ ಇದೆಯಾ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ.

ಲೂರ್ ವಿಷಯ ಬೇರೆ. ನಾನು ಹೆಚ್ಚಾಗಿ ಬಳಸಿದ್ದು 8ರಿಂದ 10 ಸೆಂಟಿಮೀಟರ್ ಉದ್ದದ ಮೆತ್ತನೆ ರಬ್ಬರ್ ಮೀನು, 7 ಗ್ರಾಂ ಜಿಗ್ ಹೆಡ್ (ತಲೆಯಲ್ಲಿ ತೂಕ ಇರುವ ಗಾಳ) ಜೊತೆ. ಬೇರುಗಳ ನಡುವೆ ಎಸೆಯುವುದಾದರೆ ಗಾಳದ ಮೊನೆ ರಬ್ಬರಿನೊಳಗೆ ಅಡಗಿರಬೇಕು, ಇಲ್ಲದಿದ್ದರೆ ದಿನವಿಡೀ ಬಿಡಿಸುವುದೇ ಕೆಲಸ. ಎಸೆದ ಮೇಲೆ ಕೋಲಿನ ತುದಿಯನ್ನು ಎರಡು ಸಲ ಸಣ್ಣಗೆ ಎತ್ತಿ, ಸುಮ್ನೆ ಬಿಟ್ಟುಬಿಡಬೇಕು. ಲೂರ್ ಕೆಳಗಿಳಿಯುತ್ತದೆ. ಹೆಚ್ಚಿನ ಮೀನುಗಳು ಹಿಡಿಯುವುದು ಆ ಇಳಿಯುವ ಹೊತ್ತಿನಲ್ಲೇ. ಹಾಗಾಗಿ ಕಣ್ಣು ದಾರದ ಮೇಲಿರಬೇಕು. ದಾರ ಒಂದು ಚೂರು ಪಕ್ಕಕ್ಕೆ ಸರಿಯಿತು, ಅಥವಾ ತಳ ಮುಟ್ಟುವ ಮೊದಲೇ ಸಡಿಲವಾಯಿತು ಅಂದರೆ ತಕ್ಷಣ ಎಳೆಯಬೇಕು. ಬಾರಮುಂಡಿ ಕಚ್ಚುವುದಿಲ್ಲ, ಬಾಯಿ ತೆರೆದು ನೀರಿನ ಸಮೇತ ಒಳಗೆ ಹೀರುತ್ತದೆ. ರಬ್ಬರ್ ಎಂದು ಗೊತ್ತಾದ ಕೂಡಲೇ ಉಗುಳುತ್ತದೆ.

ಸಿಗಡಿ ಹಾಕಿದಾಗ ಇದಕ್ಕೆ ಪೂರ್ತಿ ಉಲ್ಟಾ. ಸಿಗಡಿಗೆ ಗೈಡ್‌ಗಳು ಸಾಮಾನ್ಯವಾಗಿ ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ದುಂಡನೆ ಗಾಳ, ಕಟ್ಟುತ್ತಾರೆ. ಅದಕ್ಕೆ ಜೋರಾಗಿ ಎಳೆಯಲೇಬಾರದು. ದಾರ ಬಿಗಿಯಾಗುವವರೆಗೆ ನಿಧಾನವಾಗಿ ರೀಲು ಸುತ್ತಿದರೆ ಸಾಕು, ಗಾಳ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನ್ನೂ ಒಂದೇ ದಿನ ಮಾಡುವಾಗ ಕೈಗೆ ಇದು ಅಭ್ಯಾಸವಾಗಲು ಸ್ವಲ್ಪ ಹೊತ್ತು ಬೇಕು.

ಮೀನನ್ನು ವಾಪಸ್ ಬಿಡುವವರಿಗೆ ಈ ಗಾಳದ ವಿಷಯ ಬಹಳ ಮುಖ್ಯ. ನಿಜವಾದ ಆಹಾರ ಆದ್ದರಿಂದ ಸಿಗಡಿಯನ್ನು ಮೀನು ಆಳಕ್ಕೆ ನುಂಗುತ್ತದೆ. ಸಾದಾ ಗಾಳವಾದರೆ ಗಂಟಲಲ್ಲಿ ಕೂರುತ್ತದೆ, ಬಿಟ್ಟರೂ ಆ ಮೀನು ಬದುಕುವುದು ಕಷ್ಟ. ಬಾರಮುಂಡಿಯಲ್ಲಿ ಹೆಚ್ಚಿನವು ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುತ್ತವೆ. ಅಂದರೆ ನಿಮ್ಮ ದೊಡ್ಡ ಮೀನು ಲಕ್ಷಾಂತರ ಮೊಟ್ಟೆ ಇಡುವ ತಾಯಿ. ಇಲ್ಲಿ ಲೂರ್‌ಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ, ಅದು ಬಹುತೇಕ ತುಟಿಯಲ್ಲೇ ನಿಲ್ಲುತ್ತದೆ. ಒದ್ದೆ ಕೈಯಲ್ಲಿ, ಹೊಟ್ಟೆಗೆ ಆಧಾರ ಕೊಟ್ಟು ಹಿಡಿದು, ಬೇಗ ನೀರಿಗೆ ಬಿಡಿ. ಕಿವಿರಿನ ಮುಚ್ಚಳದ ಅಂಚು ಬ್ಲೇಡ್ ಥರ ಇರುತ್ತದೆ, ಜೋಪಾನ.

ಯಾವಾಗ ಯಾವುದು ಅನ್ನುವುದನ್ನು ಕೊನೆಗೂ ನಿರ್ಧರಿಸುವುದು ನೀರೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು, ಕೆಸರೆದ್ದು ನೀರು ಕಂದು. ಆಗ ಸಿಗಡಿ ಗೆಲ್ಲುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆಯಾಗಿ ನೀರು ತಿಳಿಯಾಗುತ್ತದೆ, ಲೂರ್ ದೂರದಿಂದ ಕಾಣುತ್ತದೆ. ಇಳಿತದ ಕೊನೆಯ ಎರಡು ಗಂಟೆ ಮಾತ್ರ ನಾನು ಲೂರನ್ನೇ ಎಸೆಯುತ್ತೇನೆ. ಕಾಂಡ್ಲಾ ಒಳಗಿದ್ದ ಸಣ್ಣ ಮೀನೆಲ್ಲ ನೀರಿನ ಜೊತೆ ಕಾಲುವೆಯ ಬಾಯಿಗೆ ಇಳಿಯಲೇಬೇಕು, ದೊಡ್ಡವು ಅಲ್ಲೇ ಕಾದಿರುತ್ತವೆ. ಲೂರಾದರೆ ಒಂದೇ ಜಾಗಕ್ಕೆ ಬೇಗ ಬೇಗ ಎಸೆಯಬಹುದು, ಪ್ರತಿ ಸಲ ಹೊಸ ಸಿಗಡಿ ಚುಚ್ಚುವ ಕೆಲಸ ಇಲ್ಲ.

ಆ ದಿನ ಇಳಿತ ಎಷ್ಟಕ್ಕೆ ಮುಗಿಯುತ್ತದೆ ಅಂತ ಗೈಡ್ ಹತ್ತಿರ ಮೊದಲೇ ಕೇಳಿ, ಅದಕ್ಕೆ ಸರಿಯಾಗಿ ಹೊರಡುವ ಸಮಯ ಇಟ್ಟುಕೊಳ್ಳಿ. ಎರಡು ಕೋಲು ಸಿದ್ಧವಾಗಿರಲಿ, ಒಂದಕ್ಕೆ ಸರ್ಕಲ್ ಹುಕ್, ಇನ್ನೊಂದಕ್ಕೆ ಜಿಗ್. ತುದಿಗೆ 40 ಪೌಂಡ್ ಲೀಡರ್ (ಗಾಳದ ಹತ್ತಿರ ಕಟ್ಟುವ ಗಟ್ಟಿ ದಾರ) ಎರಡಕ್ಕೂ ಇರಲಿ, ಮ್ಯಾಂಗ್ರೋವ್ ಜ್ಯಾಕ್ ಹಿಡಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ.