ನೀಲಿ ಸ್ಪೈನಿಯೋ, ಹಸಿರು ಸ್ವಿಫ್ಟೋ? ಎರಡನ್ನೂ ಸಾಕಿದ ಮೇಲೆ ನನ್ನ ಮಾತು

ಎರಡೂ ಮನೆಯಲ್ಲಿ ತೊಟ್ಟಿಯಲ್ಲಿಟ್ಟು ಸಾಕುವ ಓತಿಗಳು. ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ನೀಲಿಗೆ. ನಾಳೆ ಮತ್ತೆ ಒಂದು ತರಬೇಕು ಅಂದರೂ ಬ್ಲೂ ಸ್ಪೈನಿಯನ್ನೇ ತರುತ್ತೇನೆ. ಆದರೆ ನಾನು ಮೊದಲು ತಂದದ್ದು ಹಸಿರನ್ನು, ಅಂದರೆ ಎಮರಾಲ್ಡ್ ಸ್ವಿಫ್ಟನ್ನು. ಸರಿಯಾಗಿ ವಿಚಾರಿಸದೆ ತಂದ ತಪ್ಪಿಗೆ ಆ ಬಡಪ್ರಾಣಿ ಎರಡು ತಿಂಗಳು ಕಷ್ಟಪಟ್ಟಿತು. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವಿರುವುದು ಟೆಕ್ಸಾಸ್‌ನಲ್ಲಿ, ಆಸ್ಟಿನ್ ಹತ್ತಿರ. ಹಿತ್ತಲಿನ ಓಕ್ ಮರದಲ್ಲಿ ಟೆಕ್ಸಾಸ್ ಸ್ಪೈನಿ ಅನ್ನುವ ಒಂದು ಓತಿ ವಾಸವಾಗಿದೆ. ಮರದ ತೊಗಟೆಯದ್ದೇ ಬಣ್ಣ, ಅಲ್ಲಾಡದಿದ್ದರೆ ಕಾಣುವುದೇ ಇಲ್ಲ. ಬಿಸಿಲು ಬಿದ್ದ ಕೂಡಲೇ ಕಾಂಡದ ಮೇಲೆ ತಲೆಕೆಳಗಾಗಿ ಕೂತು ದಂಡ ಹೊಡೆಯುತ್ತದೆ. ಥೇಟ್ ನಮ್ಮೂರ ಬೇಲಿ ಮೇಲಿನ ಓತಿಕ್ಯಾತ! ಎರಡರ ಕುಟುಂಬ ಬೇರೆ ಬೇರೆ, ಗತ್ತು ಮಾತ್ರ ಒಂದೇ. "ಅಪ್ಪಾ, ಅದನ್ನ ಹಿಡ್ಕೊಡು, ಸಾಕೋಣ" ಅಂತ ಮಗಳು ಹಠ ಹಿಡಿದಳು. ಮರದಲ್ಲಿ ಸುಖವಾಗಿರುವುದನ್ನು ಪೆಟ್ಟಿಗೆಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಅದರದ್ದೇ ಬಳಗದ ಬೇರೆ ಓತಿ ತರೋಣ ಅಂತ ಹೊರಟೆವು.

ಸರೀಸೃಪಗಳ ಒಂದು ಮೇಳದಲ್ಲಿ ಹಸಿರು ಕಣ್ಣಿಗೆ ಬಿತ್ತು. ಅದರ ಬಣ್ಣಕ್ಕೆ ಯಾರಾದರೂ ಸೋಲುತ್ತಾರೆ. ಎಳೆ ಬಾಳೆಲೆಯ ಹಸಿರು, ಗಂಟಲಲ್ಲಿ ಮತ್ತು ಹೊಟ್ಟೆಯ ಎರಡೂ ಬದಿಗೆ ನೀಲಿ, ಒಂದೊಂದು ಹುರುಪೆಯ ತುದಿಯೂ ಸಣ್ಣ ಮುಳ್ಳಿನ ಹಾಗೆ ಎದ್ದಿರುತ್ತದೆ. ಬೆಲೆ 55 ಡಾಲರ್. ಡಬ್ಬಿಯ ಮೇಲೆ "ಸಾಕಿದಲ್ಲೇ ಹುಟ್ಟಿದ್ದು" ಅಂತ ಬರೆದಿತ್ತು, ನಂಬಿದೆ. ವಾರದ ನಂತರ ವೈದ್ಯರು ಹಿಕ್ಕೆ ಪರೀಕ್ಷೆ ಮಾಡಿ, ಹೊಟ್ಟೆ ತುಂಬ ಹುಳ ಇದೆ, ಇದು ಕಾಡಿನಿಂದಲೇ ಹಿಡಿದು ತಂದದ್ದಿರಬೇಕು ಅಂದರು. ಪರೀಕ್ಷೆ, ಔಷಧಿ ಎಲ್ಲ ಸೇರಿ 180 ಡಾಲರ್ ಆಯಿತು. ಮಾರಾಟಕ್ಕೆ ಬರುವ ಎಮರಾಲ್ಡ್ ಸ್ವಿಫ್ಟ್‌ಗಳಲ್ಲಿ ಹೆಚ್ಚಿನವು ಮಧ್ಯ ಅಮೆರಿಕದ ಬೆಟ್ಟಗಳಲ್ಲಿ ಹಿಡಿದವೇ ಅಂತ ಆಮೇಲೆ ತಿಳಿಯಿತು. ತಾಯಿ ಎಲ್ಲಿದೆ, ಯಾವಾಗ ಹುಟ್ಟಿತು ಅಂತ ಕೇಳಿ. ಮಾರುವವರು ತಡವರಿಸಿದರೆ ಅಲ್ಲಿಂದ ಬಂದುಬಿಡಿ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಹುಳ ಅಲ್ಲ, ನೀರು.

ಬಟ್ಟಲಲ್ಲಿ ನೀರಿಟ್ಟೆ, ಹಸಿರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೋಡ ಮುಸುಕಿದ ಬೆಟ್ಟದ ಕಾಡಿನಲ್ಲಿ ಇದು ಎಲೆ ಮೇಲಿನ ಹನಿ ನೆಕ್ಕಿ ಬದುಕುವ ಪ್ರಾಣಿ. ಅಲುಗದೆ ನಿಂತ ನೀರು ಅದರ ಲೆಕ್ಕಕ್ಕೆ ನೀರೇ ಅಲ್ಲ. ಸರಿ, ಬೆಳಿಗ್ಗೆ ಸಂಜೆ ಸ್ಪ್ರೇ ಮಾಡಿದೆ. ಬಾಟಲಿ ಕಂಡ ಕೂಡಲೇ ಓಡಿ ತೊಗಟೆಯ ಹಿಂದೆ ಅವಿತುಕೊಳ್ಳುತ್ತಿತ್ತು. ಹತ್ತು ನಿಮಿಷದ ಮೇಲೆ ಮೆಲ್ಲಗೆ ತಲೆ ಹೊರಗೆ ಹಾಕುವಷ್ಟರಲ್ಲಿ ದೀಪದ ಕಾವಿಗೆ ಎಲೆ ಒಣಗಿರುತ್ತಿತ್ತು. ಜಾಸ್ತಿ ಹೊಡೆದರೆ ಕೆಳಗಿನ ಮಣ್ಣು ಕೆಸರಾಗಿ ಬೂಷ್ಟು ವಾಸನೆ, ಅದರ ಹಿಂದೆ ಗುಂಯ್ ಅನ್ನುವ ಸಣ್ಣ ನೊಣ. ನಮ್ಮಲ್ಲಿ ಬರುವುದು ಗಡಸು ನೀರು, ಹಾಗಾಗಿ ಗಾಜಿನ ತುಂಬ ಬಿಳಿ ಕಲೆ. ಮೂರನೇ ವಾರಕ್ಕೆ ಓತಿಯ ಕಣ್ಣು ಒಳಗೆ ಹೋಗಿತ್ತು. ಪಕ್ಕೆಯ ಚರ್ಮ ಮಡಿಕೆ ಬಿದ್ದಿತ್ತು. ಹಸಿರು ಹೋಗಿ ಮೈ ಕಪ್ಪಿಟ್ಟಿತ್ತು. ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಒಂದು ಪ್ಲಾಸ್ಟಿಕ್ ಲೋಟ. ತಳಕ್ಕೆ ಗುಂಡುಸೂಜಿಯಿಂದ ಒಂದು ತೂತು ಮಾಡಿ ಜಾಲರಿ ಮುಚ್ಚಳದ ಮೇಲಿಟ್ಟೆ. ಒಂದೊಂದೇ ಹನಿ ಕೆಳಗಿನ ಮನಿಪ್ಲಾಂಟ್ ಎಲೆ ಮೇಲೆ ಬೀಳುವ ಹಾಗೆ ಹೊಂದಿಸಿದೆ. ಹನಿ ಬಿದ್ದಾಗ ಎಲೆ ತೂಗುತ್ತದಲ್ಲ, ಆ ಅಲುಗಾಟವೇ ಓತಿಯನ್ನು ಕರೆಯಿತು. ಮೂಗನ್ನು ಎಲೆಗೆ ತಾಗಿಸಿ ನಿಂತು, ಗುಲಾಬಿ ಬಣ್ಣದ ದಪ್ಪ ನಾಲಿಗೆ ಚಾಚಿ, ಕಣ್ಣು ಅರ್ಧ ಮುಚ್ಚಿ, ಆರೇಳು ನಿಮಿಷ ಬಿಡದೆ ನೆಕ್ಕಿತು. ನಾನೂ ಮಗಳೂ ಉಸಿರು ಬಿಗಿಹಿಡಿದು ನೋಡುತ್ತಾ ಕೂತಿದ್ದೆವು.

ಪ್ರಾಣ ಉಳಿಯಿತು, ಕೆಲಸ ಮಾತ್ರ ಮುಗಿಯಲಿಲ್ಲ. ದಿನಾ ಲೋಟ ತುಂಬಬೇಕು, ಕೆಳಗೆ ನಿಂತ ನೀರು ತೆಗೆಯಬೇಕು. ನಾನು ಆಫೀಸ್ ಕೆಲಸಕ್ಕೆ ಆಗಾಗ ಮೂರು ನಾಲ್ಕು ದಿನ ಊರಲ್ಲಿರುವುದಿಲ್ಲ. "ರೀ, ನೀವಿಲ್ಲದಾಗ ನನ್ನ ಮೀಟಿಂಗ್ ಬಿಟ್ಟು ಲೋಟ ನೋಡ್ತಾ ಕೂರ್ಲಾ?" ಅಂತ ಹೆಂಡತಿ ಕೇಳಿದ್ದು ನ್ಯಾಯವೇ.

ನೀಲಿಯ ವಿಷಯದಲ್ಲಿ ನೀರಿನ ಕಥೆ ಒಂದು ಸಾಲಿನದು. ಅಗಲವಾದ ತಟ್ಟೆಯಲ್ಲಿ ನೀರಿಡುತ್ತೇನೆ, ಕುಡಿಯುತ್ತದೆ. ಸಾಕಿದವರ ಮನೆಯಲ್ಲೇ ತಟ್ಟೆ ನೋಡಿ ಬೆಳೆದ ಮರಿ ಅದು. ವಾರಕ್ಕೆ ಎರಡು ಸಲ ಕಲ್ಲಿನ ಮೇಲೆ ತುಸು ನೀರು ಚಿಮುಕಿಸುತ್ತೇನೆ, ಅಷ್ಟೇ.

ಎರಡನೇ ತೊಂದರೆ ರಾತ್ರಿಯ ಸೆಕೆ. ಹಸಿರಿಗೆ ಹಗಲು ದೀಪದ ಕೆಳಗೆ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಆದರೆ ರಾತ್ರಿ ತಂಪು ಬೇಕೇ ಬೇಕು, 20ರ ಆಸುಪಾಸಿಗೆ ಇಳಿದರೆ ಒಳ್ಳೆಯದು. ಜುಲೈ ತಿಂಗಳಲ್ಲಿ ನಮ್ಮ ಮಹಡಿಯ ರೂಮು ರಾತ್ರಿಯೂ 27. ಒಂದು ಓತಿಗಾಗಿ ಇಡೀ ಮನೆಯ ಏಸಿ ಇಳಿಸಿದ ತಿಂಗಳು ಕರೆಂಟ್ ಬಿಲ್ 90 ಡಾಲರ್ ಜಾಸ್ತಿ ಬಂತು. ನೀಲಿ ಈ ನಾಡಿನದ್ದೇ. ದಕ್ಷಿಣ ಟೆಕ್ಸಾಸ್ ಮತ್ತು ಅದಕ್ಕೆ ತಾಗಿದ ಮೆಕ್ಸಿಕೋದ ಬಂಡೆಗಳ ಸಂದಿಯಲ್ಲಿರುವ ಓತಿ. ಬಿಸಿಲು ಕಾಯುವ ಕಲ್ಲು 38 ಡಿಗ್ರಿ ಇರಲಿ, ತೊಟ್ಟಿಯ ಇನ್ನೊಂದು ಕೊನೆ 27ರ ಒಳಗಿರಲಿ, ರಾತ್ರಿ ದೀಪ ಆರಿಸಿದರೆ ಆಯಿತು. ಕಲ್ಲಿನ ಬಿಸಿಯನ್ನು ಅಂದಾಜಿನಲ್ಲಿ ಬಿಡಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕಲ್ಲನ್ನೇ ಅಳೆಯಿರಿ.

ಜಾಗದಲ್ಲಿ ಹಸಿರೇ ಗೆಲ್ಲುತ್ತದೆ. ಬಾಲ ಸೇರಿ ಸುಮಾರು 20 ಸೆಂಟಿಮೀಟರ್, ಎತ್ತರದ ಸಣ್ಣ ತೊಟ್ಟಿ ಸಾಲುತ್ತದೆ. ನೀಲಿ ದೊಡ್ಡದು, ಕೆಲವು 36 ಸೆಂಟಿಮೀಟರ್‌ವರೆಗೂ ಬೆಳೆಯುತ್ತವೆ. ನಾನು 4 ಅಡಿ ಉದ್ದ, 2 ಅಡಿ ಅಗಲದ ತೊಟ್ಟಿ ತಂದೆ, ಅದಕ್ಕೇ 300 ಡಾಲರ್ ಹೋಯಿತು. ಜೊತೆಗೆ ಕಲ್ಲಿನ ಅಟ್ಟಿ ಕಟ್ಟಬೇಕು. ಇಲ್ಲೊಂದು ಎಚ್ಚರ: ಮೊದಲು ಕಲ್ಲುಗಳನ್ನು ತೊಟ್ಟಿಯ ತಳದ ಮೇಲೆ ಗಟ್ಟಿಯಾಗಿ ಕೂರಿಸಿ, ಮರಳು ಆಮೇಲೆ ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಓತಿ ಅಡಿಯಲ್ಲಿ ಕೆದಕುತ್ತದೆ, ಕಲ್ಲು ಅದರ ಮೇಲೆಯೇ ಕೂರುತ್ತದೆ.

ದೀಪ ಎರಡಕ್ಕೂ ಒಂದೇ. ಕಾಯಿಸಲು ಹ್ಯಾಲೋಜನ್ ಬಲ್ಬು, ಜೊತೆಗೆ ಯುವಿಬಿ, ಅಂದರೆ ಮೂಳೆ ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣ ಕೊಡುವ ಉದ್ದನೆಯ ಟಿ5 (ತೆಳು) ಟ್ಯೂಬ್. ಸುರುಳಿ ಬಲ್ಬಿಗೆ ದುಡ್ಡು ಹಾಕಬೇಡಿ, ಅದರ ಯುವಿಬಿ ತೊಟ್ಟಿಯ ಒಂದು ಮೂಲೆಗೂ ಸಾಲದು. ಕಿಟಕಿ ಬಿಸಿಲು ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು, ಗಾಜು ಯುವಿಬಿಯನ್ನು ತಡೆಯುತ್ತದೆ. ಟ್ಯೂಬ್ ಬೆಳಗುತ್ತಲೇ ಇದ್ದರೂ ಅದರ ಯುವಿಬಿ ಕುಗ್ಗುತ್ತಾ ಹೋಗುತ್ತದೆ, ಅದಕ್ಕೆ ನಾನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಇದರಲ್ಲಿ ಉಳಿತಾಯ ಮಾಡಿದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ.

ಊಟದಲ್ಲಿ ವ್ಯತ್ಯಾಸ ಕಡಿಮೆ. ಜೀರುಂಡೆ, ಡೂಬಿಯಾ ಜಿರಲೆ, ಅದರ ಮೇಲೆ ಕ್ಯಾಲ್ಸಿಯಂ ಪುಡಿ. ಹುಳ ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹಸಿರು ನಮ್ಮ ಎದುರು ತಿನ್ನುತ್ತಲೇ ಇರಲಿಲ್ಲ. ನೀಲಿ ಮೂರನೇ ವಾರಕ್ಕೆ ಇಕ್ಕಳದಿಂದಲೇ ಕಿತ್ತುಕೊಂಡು ತಿಂದಿತು.

ಕೈಯಲ್ಲಿ ಹಿಡಿಯುವುದು ಎರಡಕ್ಕೂ ಇಷ್ಟವಿಲ್ಲ. ಬಾಲ ಹಿಡಿದರೆ ಬಾಲವೇ ಕಳಚುತ್ತದೆ. ಎರಡು ಗಂಡು ಒಂದೇ ತೊಟ್ಟಿಯಲ್ಲಿ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮಕ್ಕಳಿರುವ ಮನೆಯಲ್ಲಂತೂ ಇದು ಬಿಡಬಾರದ ರೂಢಿ.

ಬಣ್ಣ ನೋಡಿಯೇ ತರುವವರಿಗೆ ಒಂದು ಮಾತು. ನೀಲಿಯ ನೀಲಿ ಬರುವುದು ದೊಡ್ಡದಾದ ಗಂಡಿಗೆ ಮಾತ್ರ. ಹೆಣ್ಣು, ಮರಿ ಎಲ್ಲ ಬೂದು ಕಂದು. ನಮ್ಮದು ಬಂದಾಗ ಕೊರಳಿನ ಕರಿ ಪಟ್ಟಿ, ಅದರ ಅಂಚಿನ ಬಿಳಿ ಗೆರೆ ಬಿಟ್ಟರೆ ಸಪ್ಪೆಯಾಗಿತ್ತು. ವರ್ಷದ ಮೇಲೆ ಒಂದು ಬೆಳಿಗ್ಗೆ ಬೆನ್ನಿನಲ್ಲಿ ನವಿಲಿನ ಕೊರಳಿನ ಛಾಯೆ ಕಂಡು ಮಗಳು ಕಿರುಚಿ ನಮ್ಮನ್ನೆಲ್ಲ ಎಬ್ಬಿಸಿದಳು.

ಹಾಗಂತ ಹಸಿರು ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ತಂಪು ಊರಿನಲ್ಲಿದ್ದು, ದಿನಾ ಮನೆಯಲ್ಲಿರುವವರು, ಹೊತ್ತಿಗೆ ಸರಿಯಾಗಿ ತಾನೇ ನೀರು ಸಿಂಪಡಿಸುವ, ಟೈಮರ್ ಇರುವ ಮಿಸ್ಟಿಂಗ್ ಯಂತ್ರಕ್ಕೆ ಇನ್ನೂರು ಡಾಲರ್ ಹಾಕಬಲ್ಲವರು ಖಂಡಿತ ಸಾಕಬಹುದು, ಸಾಕಿದಲ್ಲೇ ಹುಟ್ಟಿದ ಮರಿ ಸಿಕ್ಕರೆ ಮಾತ್ರ. ಆಗಾಗ ಊರೂರು ಓಡಾಡುವ, ಮಹಡಿ ಕಾಯುವ ಮನೆಯ ನನ್ನಂಥವನಿಗೆ ನೀಲಿಯೇ ಸರಿ. ಮರಿಗೆ 95 ಡಾಲರ್ ಕೊಟ್ಟೆ, ವೈದ್ಯರ ಬಿಲ್ ಈವರೆಗೆ ಒಂದೇ ಒಂದು ಹಿಕ್ಕೆ ಪರೀಕ್ಷೆಯದು.

ಹಸಿರನ್ನು ಸೆಪ್ಟೆಂಬರ್‌ನಲ್ಲಿ ಡೆನ್ವರ್‌ನ ತಮ್ಮನ ಮನೆಗೆ ಕಾರಿನಲ್ಲೇ ಒಯ್ದೆ. ಬಟ್ಟೆ ಚೀಲದಲ್ಲಿಟ್ಟು, ಚೀಲವನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಎರಡು ದಿನದ ಪಯಣ. ಅವನ ಬೇಸ್‌ಮೆಂಟ್ ರಾತ್ರಿ 19 ಡಿಗ್ರಿ, ಮಿಸ್ಟಿಂಗ್ ಯಂತ್ರ ಮೊದಲೇ ಇತ್ತು, ಅವನು ಮನೆಯಿಂದಲೇ ಕೆಲಸ ಮಾಡುವವನು. ಮೂರು ವಾರದ ಮೇಲೆ ಫೋಟೋ ಕಳಿಸಿದ. ಕೊಂಬೆಯ ತುದಿಯಲ್ಲಿ ಕೂತಿತ್ತು, ಮೂಗಿನ ತುದಿಯಲ್ಲಿ ಒಂದು ಹನಿ, ಮೈಯೆಲ್ಲ ಮೇಳದಲ್ಲಿ ನೋಡಿದ ಅದೇ ಎಳೆ ಹಸಿರು.