ಮಗುವಿನ ಕಣ್ಣು ಟೆಸ್ಟ್: ಸ್ಕೂಲಿನ ಮಷಿನ್, ಕನ್ನಡಕದ ಅಂಗಡಿ, ಡ್ರಾಪ್ಸ್ ಹಾಕೋ ಡಾಕ್ಟರ್, ಎಲ್ಲಾ ನೋಡಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಕಣ್ಣಿಗೆ ಔಷಧಿ ಹಾಕಿ ಪಾಪೆ ದೊಡ್ಡದು ಮಾಡಿ ನೋಡೋ ಮಕ್ಕಳ ಕಣ್ಣಿನ ಡಾಕ್ಟರಿಗೆ. ಟೈಮ್ ಜಾಸ್ತಿ ಹಿಡಿಯುತ್ತೆ, ದುಡ್ಡೂ ಜಾಸ್ತಿ, ಮಗು ಅಳೋದಂತೂ ಕೇಳ್ಲೇಬೇಡಿ, ಆದ್ರೂ ಅದಕ್ಕೇ. ಉಳಿದವೆಲ್ಲ ಕೆಲಸಕ್ಕೆ ಬರಲ್ಲ ಅಂತಲ್ಲ, ಒಂದೊಂದೂ ಒಂದೊಂದು ಕೆಲಸಕ್ಕೆ ಇರೋದು, ಆದ್ರೆ ಕನ್ನಡಕದ ನಂಬರ್ ಬರಿಯೋ ಕೆಲಸ ಇವರದ್ದು ಮಾತ್ರ ಅನ್ನೋದು ನನ್ನ ತೀರ್ಮಾನ.

ನಮ್ಮ ಮಗಳಿಗೆ ನಾಲ್ಕು ವರ್ಷ. ಪುಸ್ತಕ ನೋಡೋವಾಗ ತಲೆ ಒಂದು ಕಡೆ ವಾಲಿಸೋಳು, ಟಿವಿಗೆ ಮುಖ ಅಂಟಿಸ್ಕೊಂಡು ಕೂರೋಳು, ಸಂಜೆ ಸುಸ್ತಾದಾಗ ಎಡಗಣ್ಣು ಮೂಗಿನ ಕಡೆ ಸ್ವಲ್ಪ ಜಾರಿದಂಗೆ ಕಾಣೋದು. ಕಣ್ಣು ಕಾಣಲ್ಲ ಅಂತ ಒಂದು ಸಲಾನೂ ಹೇಳಿಲ್ಲ. ಮಕ್ಕಳು ಹೇಳೋದೂ ಇಲ್ಲ, ಒಂದು ಕಣ್ಣು ಚೆನ್ನಾಗಿದ್ರೆ ಓಡಾಡೋಕೆ ಆಡೋಕೆ ಅಷ್ಟೇ ಸಾಕು, ಮೊದಲಿಂದಾನೂ ಹಂಗೇ ನೋಡಿರೋದ್ರಿಂದ ಎರಡೂ ಕಣ್ಣಲ್ಲಿ ಒಂದೇ ಥರ ಕಾಣ್ಬೇಕು ಅನ್ನೋದೇ ಅವಕ್ಕೆ ಗೊತ್ತಿರಲ್ಲ. ಮನೇಲಿ ದೊಡ್ಡೋರು "ದೊಡ್ಡವಳಾದ್ಮೇಲೆ ತಾನೇ ಸರಿಹೋಗುತ್ತೆ ಬಿಡ್ರೋ" ಅಂದ್ರು. ಹುಟ್ಟಿದ ಮೊದಲ ಕೆಲವು ತಿಂಗಳು ಕಣ್ಣು ಆಗಾಗ ಅತ್ತಿತ್ತ ಹೋಗೋದು ಮಾಮೂಲಿ ಅಂತೆ, ನಾಲ್ಕು ವರ್ಷಕ್ಕೆ ಆ ಮಾತು ನಡಿಯಲ್ಲ.

ಮನೆ ಟೆಸ್ಟ್. ಫೋನಲ್ಲಿ ಚಾರ್ಟ್ ತೋರಿಸೋ ಆ್ಯಪ್‌ಗಳು ನನ್ನ ಪ್ರಕಾರ ವೇಸ್ಟು. ಕೈಯಲ್ಲಿ ಒಂದು ಕಣ್ಣು ಮುಚ್ಕೋ ಅಂದ್ರೆ ಬೆರಳ ಸಂದೀಲಿ ನೋಡ್ತಾಳೆ, ಎರಡನೇ ಸಲಕ್ಕೆ ಸಾಲು ಪೂರ್ತಿ ಬಾಯಿಪಾಠ. ಆದ್ರೆ ಒಂದು ಉಪಯೋಗ ಆಯ್ತು, ಅವಳು ಟಿವಿ ನೋಡ್ತಿರೋವಾಗ ಹಿಂದಿನಿಂದ ಮೆತ್ತಗೆ ಎಡಗಣ್ಣಿಗೆ ಅಡ್ಡ ಹಿಡಿದ್ರೆ ಸುಮ್ನೆ ಇದ್ಲು, ಬಲಗಣ್ಣಿಗೆ ಹಿಡಿದ ತಕ್ಷಣ "ಅಪ್ಪಾ ಕೈ ತೆಗಿ" ಅಂತ ಕಿರುಚಿದ್ಲು. ಒಂದೇ ಕಣ್ಣು ಮುಚ್ಚಿದಾಗ ಮಾತ್ರ ಮಗು ರೇಗಿದ್ರೆ ಇನ್ನೊಂದು ಕಣ್ಣಲ್ಲಿ ಏನೋ ಇದೆ ಅಂತ ಅನುಮಾನ ಪಡ್ಬೇಕು. ರೇಗದಿದ್ರೆ ಕಣ್ಣು ಸರಿ ಇದೆ ಅಂತ ಮಾತ್ರ ಅಂದ್ಕೋಬೇಡಿ.

ಸ್ಕೂಲಲ್ಲಿ ಕ್ಯಾಮೆರಾ ಥರದ ಮಷಿನ್ ತಂದು ನೋಡಿದ್ರು. ಒಂದು ಮೀಟರ್ ದೂರದಿಂದ ಹಿಡೀತಾರೆ, ಲೈಟ್ ಮಿನುಗುತ್ತೆ, ಸದ್ದು ಬರುತ್ತೆ, ಮಗು ಆ ಕಡೆ ನೋಡಿದ್ರೆ ಕೆಲವೇ ಸೆಕೆಂಡಲ್ಲಿ ಮುಗೀತು. ಮಾತಾಡಕ್ಕೆ ಬರದ ಕೂಸಿಗೂ ಮಾಡ್ಬಹುದು. ಎರಡೂ ಕಣ್ಣನ್ನ ಒಟ್ಟಿಗೇ ನೋಡೋದ್ರಿಂದ ಎರಡರ ನಡುವೆ ವ್ಯತ್ಯಾಸ ಇದ್ರೆ ಹಿಡಿಯುತ್ತೆ. ಮಗಳಿಗೆ "ಡಾಕ್ಟರಿಗೆ ತೋರಿಸಿ" ಅಂತ ಚೀಟಿ ಬಂತು, ಅಷ್ಟೇ ಅದರ ಕೆಲಸ, ಮಾಡ್ತು. ಅದನ್ನ ದೂರೋಕೆ ನನ್ನತ್ರ ಏನೂ ಇಲ್ಲ.

ಇನ್ನು ಕನ್ನಡಕದ ಅಂಗಡಿ. ಇಲ್ಲೇ ಇರೋದು ಕಥೆ.

ಹತ್ತಿರ ಇತ್ತು, ಕಂಪ್ಯೂಟರ್ ಟೆಸ್ಟ್ ಫ್ರೀ, ಹೋದ್ವಿ. ಗಲ್ಲ ಇಟ್ಟು ಒಳಗಡೆ ಇರೋ ಚಿತ್ರ ನೋಡೋ ಮಷಿನ್ ಗೊತ್ತಲ್ಲ, ಅದು. ಮೊದಲ ಸಲ ಒಂದು ನಂಬರ್, ಇನ್ನೊಂದು ಸಲ ಇನ್ನೊಂದು, ಮತ್ತೆ ಒತ್ತಿದ್ರೆ ಮತ್ತೊಂದು. ಯಾಕೆ ಹಿಂಗೆ ಅಂದ್ರೆ "ಮಗು ಅಲ್ಲಾಡ್ತಿದೆ ಸಾರ್" ಅಂದ್ರು. ಕೊನೇಗೆ ಬಲಗಣ್ಣಿಗೆ ಮೈನಸ್ ಮುಕ್ಕಾಲು (ಮೈನಸ್ ಅಂದ್ರೆ ದೂರದ್ದು ಮಸುಕು ಕಾಣೋ ಕಣ್ಣಿಗೆ), ಎಡಗಣ್ಣಿಗೆ ಪ್ಲಸ್ ಒಂದೂಕಾಲು (ಪ್ಲಸ್ ಅಂದ್ರೆ ಹತ್ತಿರದ್ದು ನೋಡೋಕೆ ಹೆಚ್ಚು ಕಷ್ಟಪಡೋ ಕಣ್ಣಿಗೆ) ಅಂತ ಬರೆದು, ಸಣ್ಣ ಪವರ್, ಈಗ್ಲೇ ಹಾಕಿದ್ರೆ ಒಳ್ಳೇದು ಅಂತ ಕನ್ನಡಕ ಮಾಡಿಕೊಟ್ರು. ಮಗಳು ಅದನ್ನ ಹಾಕ್ಕೋತಿದ್ಲು ನಿಜ, ಆದ್ರೆ ಮೂಗಿನ ತುದೀಗೆ ಇಳಿಸ್ಕೊಂಡು ಮೇಲಿಂದ ನೋಡೋಳು, ಗಣಿತದ ಮೇಷ್ಟ್ರ ಥರ. ನಾವು ಮೇಲಕ್ಕೆ ತಳ್ಳೋದು, ಅವಳು ಕೆಳಕ್ಕೆ ಎಳೆಯೋದು.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದ್ರು. ಹತ್ತಿರದ್ದು ನೋಡೋಕೆ ಕಣ್ಣೊಳಗಿನ ಲೆನ್ಸು ಉಬ್ಬುತ್ತೆ, ಮಕ್ಕಳಲ್ಲಿ ಈ ಶಕ್ತಿ ದೊಡ್ಡೋರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮಷಿನ್ ಒಳಗಿನ ಚಿತ್ರ ದೂರದಲ್ಲಿರೋ ಥರ ತೋರಿಸಿದ್ರೂ, ಪೆಟ್ಟಿಗೇಲಿ ಇಣುಕ್ತಿದ್ದೀನಿ ಅಂತ ಗೊತ್ತಾದ ಮಗು ಹತ್ತಿರದ್ದನ್ನ ನೋಡೋ ಥರಾನೇ ಕಣ್ಣು ಬಿಗಿ ಮಾಡುತ್ತೆ. ಹಂಗಾದಾಗ ಇಲ್ಲದ ಮೈನಸ್ ಬರುತ್ತೆ, ಇರೋ ಪ್ಲಸ್ ಅಡಗಿ ಕೂರುತ್ತೆ. ಎಷ್ಟು ಬಿಗಿ ಮಾಡಿತು ಅನ್ನೋದರ ಮೇಲೆ ನಂಬರ್ ಬದಲಾಗ್ತಾ ಹೋಗುತ್ತೆ, ಅಲ್ಲಾಡೋದು ಒಂದೇ ಕಾರಣ ಅಲ್ಲ. ಮಷಿನ್ ಕೆಟ್ಟಿಲ್ಲ, ದೊಡ್ಡೋರಿಗೆ ಅದೇ ಮಷಿನ್ ಚೆನ್ನಾಗೇ ಕೆಲಸ ಮಾಡುತ್ತೆ. ಔಷಧಿ ಹಾಕಿದ ಮೇಲೆ ಕಣ್ಣಿನ ಈ ಬಿಗಿ ಸಡಿಲ ಆಗುತ್ತೆ, ಆಗ ಮಗುಗೂ ಮಾಡುತ್ತೆ. ಔಷಧಿ ಇಲ್ದೆ ಆ ನಂಬರ್ ಹಿಡ್ಕೊಂಡು ಚಿಕ್ಕ ಮಗುಗೆ ಕನ್ನಡಕ ಕಟ್ಟೋದೇ ತಪ್ಪು.

ಈಗ ನನ್ನ ಫೇವರಿಟ್, ಮತ್ತೆ ಅದರ ದೊಡ್ಡ ತಲೆನೋವು.

ತಲೆನೋವು ಔಷಧೀದೇ. ಕೆಲವು ಡಾಕ್ಟರುಗಳು ಅಲ್ಲೇ ಸೈಕ್ಲೋಪೆಂಟೊಲೇಟ್ ಡ್ರಾಪ್ಸ್ ಹಾಕಿ ಅರ್ಧ ಮುಕ್ಕಾಲು ಗಂಟೆ ಕೂರಿಸಿ ನೋಡ್ತಾರೆ, ಅದು ಹೆಚ್ಚುಕಮ್ಮಿ ಒಂದು ದಿನದಲ್ಲಿ ಇಳಿಯುತ್ತೆ. ತುಂಬಾ ಚಿಕ್ಕ ಮಕ್ಕಳಿಗೆ, ಕಣ್ಣು ಒಳಗಡೆ ತಿರುಗೋ ಮಕ್ಕಳಿಗೆ ಅಟ್ರೋಪಿನ್ ಕೊಡೋರೂ ಇದ್ದಾರೆ, ನಮಗೆ ಸಿಕ್ಕಿದ್ದು ಅದೇ, ಮುಲಾಮು, ಟೆಸ್ಟಿಗೆ ಮುಂಚೆ ಮೂರು ದಿನ ಮನೇಲೇ ಹಚ್ಕೊಂಡು ಬನ್ನಿ ಅಂದ್ರು. ಮೊದಲ ಸಲ ಇಬ್ಬರು ಹಿಡ್ಕೊಂಡ್ರೂ ಕಣ್ಣು ತೆಗೀಲಿಲ್ಲ, ರೆಪ್ಪೆ ಮೇಲೆಲ್ಲಾ ಮೆತ್ತಿ ಒಳಗೆ ಹೋಗಿದ್ದೆಷ್ಟು ಅಂತ ದೇವರಿಗೇ ಗೊತ್ತು. ಆಮೇಲೆ ನಿದ್ದೆ ಹತ್ತಿದ ಮೇಲೆ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು ಸ್ವಲ್ಪವೇ ಹಚ್ಚಿ, ಹೊರಗೆ ಬಂದಿದ್ದನ್ನ ಒರೆಸಿಬಿಟ್ರೆ ಗೊತ್ತೂ ಆಗ್ತಿರ್ಲಿಲ್ಲ ಅವಳಿಗೆ. ಡ್ರಾಪ್ಸ್ ಆದ್ರೆ ಮಲಗಿಸಿ, ಕಣ್ಣು ಮುಚ್ಕೊಂಡೇ ಇರು ಅಂದು, ಮೂಗಿನ ಪಕ್ಕದ ಮೂಲೇಲಿ ಹನಿ ಬಿಟ್ಟು ಆಮೇಲೆ ತೆಗಿ ಅಂದ್ರೆ ತಾನೇ ಒಳಗೆ ಜಾರುತ್ತೆ. ಆಮೇಲೆ ಆ ಮೂಲೇನ ಒಂದು ನಿಮಿಷ ಮೆತ್ತಗೆ ಒತ್ತಿ ಹಿಡಿದ್ರೆ ಔಷಧಿ ಮೂಗಿಗೆ ಇಳಿದು ಮೈಗೆ ಸೇರೋದು ಕಮ್ಮಿ.

ಹಚ್ಚಿದ ಮೇಲೆ ನಿಮ್ಮ ಕೈ ಸೋಪಲ್ಲಿ ತೊಳೀರಿ, ಹಂಗೇ ಕಣ್ಣುಜ್ಜಿದ್ರೆ ನಿಮ್ಮ ಪಾಪೆನೂ ದೊಡ್ಡದಾಗಿ ಕೂರುತ್ತೆ. ಟ್ಯೂಬ್ ಮಕ್ಕಳ ಕೈಗೆ ಸಿಗ್ಲೇಬಾರ್ದು, ಹೊಟ್ಟೆಗೆ ಹೋದ್ರೆ ಅದು ವಿಷ. ಮುಖ ಸ್ವಲ್ಪ ಕೆಂಪಗಾಗೋದು, ಬಾಯಿ ಒಣಗೋದು ಇರುತ್ತೆ, ಆದ್ರೆ ಜ್ವರ ಏರಿದ್ರೆ, ಎದೆ ಡಬಡಬ ಹೊಡ್ಕೊಂಡ್ರೆ, ಮಗು ಏನೇನೋ ಬಡಬಡಿಸಿದ್ರೆ ಮುಂದಿನ ಡೋಸ್ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ತಿಳಿಸ್ಬೇಕು. ಇದನ್ನ ಕೇಳಿ ತಿಳ್ಕೊಂಡೇ ಮನೆಗೆ ಬನ್ನಿ, ಚೀಟೀಲಿ ಬರೆದಿರಲ್ಲ.

ಟೆಸ್ಟ್ ಮುಗಿದ್ರೂ ಇದು ಮುಗಿಯಲ್ಲ, ಅದೇ ಕಿರಿಕಿರಿ. ಅಟ್ರೋಪಿನ್ ಪೂರ್ತಿ ಇಳಿಯೋಕೆ ಎರಡು ವಾರದವರೆಗೂ ಹಿಡಿಯಬಹುದು. ಅಷ್ಟು ದಿನ ಬಿಸಿಲಿಗೆ ಹೋದ್ರೆ ಕಣ್ಣು ಕುಕ್ಕುತ್ತೆ, ಟೋಪಿ ಬೇಕು, ಹತ್ತಿರದ್ದು ಎಲ್ಲಾ ಮಸುಕು, ಕ್ರೇಯಾನ್ಸ್ ಹಿಡಿದು ಕೂತವಳು ಗೆರೆ ಎಲ್ಲಿ ಹೋಯ್ತು ಅಂತ ಸಿಟ್ಟಿಗೆದ್ದು ಎಲ್ಲಾ ಎಸೆದ್ಲು. ಸ್ಕೂಲಿಂದ ಫೋನ್ ಬಂತು, ಪಾಪೆ ಇಷ್ಟು ದೊಡ್ಡದಾಗಿದೆ, ಮಗು ಏನಾದ್ರೂ ನುಂಗಿದ್ಯಾ ಅಂತ. ಟೀಚರಿಗೆ ಮೊದಲೇ ಒಂದು ಮಾತು ಹಾಕಿಡಿ. ಪರೀಕ್ಷೆ ಪ್ರವಾಸ ಏನೂ ಇಲ್ಲದ ವಾರ ನೋಡಿ ಡೇಟ್ ತಗೊಳ್ಳಿ, ಮತ್ತೆ ಡ್ರಾಪ್ಸ್ ಸಾಕಾ ಮುಲಾಮೇ ಬೇಕಾ ಅಂತ ಕೇಳೋದ್ರಲ್ಲಿ ಸಂಕೋಚ ಬೇಡ.

ಇಷ್ಟೆಲ್ಲಾ ಆಗಿ ಡಾಕ್ಟರ್ ರೂಮಲ್ಲಿ ನಡೆದಿದ್ದು ಸ್ವಲ್ಪ ಹೊತ್ತು. ಲೈಟ್ ಕಮ್ಮಿ ಮಾಡಿ, ಕಣ್ಣಿಗೆ ಉದ್ದ ಗೆರೆ ಥರದ ಬೆಳಕು ಆಡಿಸ್ತಾ, ಮುಂದೆ ಒಂದೊಂದೇ ಲೆನ್ಸ್ ಹಿಡಿದು ಬೆಳಕು ಹೆಂಗೆ ವಾಪಸ್ ಬರುತ್ತೆ ನೋಡಿದ್ರು. ಮಗು ಒಂದು ಅಕ್ಷರ ಹೇಳ್ಬೇಕಿಲ್ಲ, ಬಾಯಿಪಾಠದ ಮಾತೇ ಇಲ್ಲ. ಬಲಗಣ್ಣು ಪ್ಲಸ್ ಒಂದು, ಎಡಗಣ್ಣು ಪ್ಲಸ್ ನಾಲ್ಕೂಕಾಲು! ಪ್ಲಸ್ ಒಂದು ಈ ವಯಸ್ಸಿಗೆ ಮಾಮೂಲಿ. ಎಡಗಣ್ಣಿನ ಮಸುಕು ಚಿತ್ರವನ್ನ ಮೆದುಳು ಕಡೆಗಣಿಸಿಬಿಟ್ಟಿದೆ, ಸೋಮಾರಿ ಕಣ್ಣು ಅಂತಾರಲ್ಲ ಅದು. ಅಂಗಡಿ ಚೀಟೀಲಿ ಒಂದು ಕಣ್ಣಿಗೆ ಬೇಡದ ಮೈನಸ್, ನಿಜವಾಗಿ ಬೇಕಿದ್ದ ಕಣ್ಣಿಗೆ ಮೂರು ಪವರ್ ಕಮ್ಮಿ. ಕಣ್ಣಿನ ಹಿಂಭಾಗಾನೂ ನೋಡಿದ್ರು, ಅದು ಸರಿ ಇತ್ತು, ಆ ನೆಮ್ಮದಿ ಯಾವ ಮಷಿನ್ನೂ ಕೊಟ್ಟಿರ್ಲಿಲ್ಲ.

ಔಷಧಿ ಇಳಿದ ಮೇಲೆ ಚಿತ್ರದ ಚಾರ್ಟ್, ಮನೆ, ವೃತ್ತ, ಚೌಕ ಹಿಂಗೆ, ಕೈಯಲ್ಲಿರೋ ಕಾರ್ಡಲ್ಲಿ ಅದೇ ಚಿತ್ರ ಮುಟ್ಟಿ ತೋರಿಸಿದ್ರೆ ಸಾಕು. ಫಿನ್‌ಲ್ಯಾಂಡಿನ ಕಣ್ಣಿನ ಡಾಕ್ಟರ್ ಲಿಯಾ ಹ್ಯುವಾರಿನೆನ್ 1976ರಲ್ಲಿ ಮಾಡಿದ್ದಂತೆ, ದೂರ ಹೋದಂಗೆ ಎಲ್ಲಾ ಚಿತ್ರಗಳೂ ಒಂದೇ ಥರ ಮಸುಕಾಗಿ ಉಂಡೆ ಥರ ಕಾಣೋ ಹಂಗೆ ಬರೆದಿದ್ದಾರೆ, ಅದಕ್ಕೇ ಊಹೆ ಮಾಡಿ ಗೆಲ್ಲೋಕಾಗಲ್ಲ. ಒಂದು ಕಣ್ಣಿಗೆ ಸ್ಟಿಕ್ಕರ್ ಅಂಟಿಸ್ತಾರೆ, ಕೈ ಅಲ್ಲ.

ದೊಡ್ಡೋರನ್ನ ನೋಡೋ ಕಣ್ಣಿನ ಡಾಕ್ಟರ್ ಸಾಕಾ? ಔಷಧಿ ಹಾಕಿ ಆ ಬೆಳಕಿನ ಟೆಸ್ಟ್ ಮಾಡ್ತೀರಾ ಅಂತ ಫೋನಲ್ಲೇ ಕೇಳಿ, ಹೂಂ ಅಂದ್ರೆ ಸಾಕು.

ದುಡ್ಡಿನ ವಿಷಯ. ನನ್ನದು ರಜೆ ಸಿಗದ ಕೆಲಸ, ಬಜೆಟ್ಟೂ ಅಷ್ಟಕ್ಕಷ್ಟೇ, ಆದ್ರೂ ಉಳಿಸೋದಾದ್ರೆ ಫ್ರೇಮಲ್ಲಿ ಉಳಿಸ್ತೀನಿ, ಟೆಸ್ಟಲ್ಲಲ್ಲ. ಫ್ರೇಮ್ ಸಾದಾದು ತಗೊಂಡ್ವಿ, ಲೆನ್ಸ್ ಮಾತ್ರ ಒಡೆಯದ ಪಾಲಿಕಾರ್ಬೊನೇಟ್, ಹಿಂದೆ ಒಂದು ಬೆಲ್ಟು. ಮಾಡಿಸಿದ್ದು ಕನ್ನಡಕದ ಅಂಗಡೀಲೇ, ಚೀಟಿ ಡಾಕ್ಟರದ್ದು. ಈ ಸಲ ಮೂಗಿನ ಮೇಲೆ ನೆಟ್ಟಗೆ ಕೂತಿದೆ.

ಇವೆಲ್ಲ ಹೋಲಿಸ್ಕೊಂಡು ಕೂರೋಕೆ ಟೈಮ್ ಇರೋರಿಗೆ ಮಾತ್ರ ಈ ಬರಹ. ಫೋಟೋದಲ್ಲಿ ಪಾಪೆ ಒಳಗೆ ಬೆಳ್ಳಗೆ ಹೊಳೆದ್ರೆ, ಇದ್ದಕ್ಕಿದ್ದಂಗೆ ಮೆಳ್ಳೆಗಣ್ಣು ಬಂದ್ರೆ, ಕಣ್ಣುಗುಡ್ಡೆ ನಿಲ್ಲದೆ ಅಲುಗಾಡ್ತಿದ್ರೆ ಸೀದಾ ಡಾಕ್ಟರ್ ಹತ್ರ ಹೋಗಿ, ಅಂಗಡಿ ಆ್ಯಪ್ ಏನೂ ಬೇಡ. ಬಿಳಿ ಹೊಳಪು ಪೊರೆ ಇರಬಹುದು, ಕಣ್ಣೊಳಗಿನ ಕ್ಯಾನ್ಸರೂ ಇರಬಹುದು, ಅದಕ್ಕೆ ದಿನ ತಳ್ಳಬಾರ್ದು.

ನಮಗೆ ಸದ್ಯಕ್ಕೆ ಬರೀ ಕನ್ನಡಕ, ಎಷ್ಟೋ ಮಕ್ಕಳಿಗೆ ಅದರಲ್ಲೇ ಸುಧಾರಿಸುತ್ತಂತೆ. ಸಾಲದಿದ್ರೆ ಒಳ್ಳೇ ಕಣ್ಣಿಗೆ ಪ್ಯಾಚ್. ದಿನಾ ಪೂರ್ತಿ ಕಟ್ಬೇಕೇನೋ ಅಂತ ಹೆದರಿದ್ದೆ, ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ ದಿನಕ್ಕೆ 2 ಗಂಟೆ ಕಟ್ಟಿದ್ರೂ 6 ಗಂಟೆ ಕಟ್ಟಿದಷ್ಟೇ ಫಲ ಅಂತ 2003ರಲ್ಲೇ 7 ವರ್ಷದೊಳಗಿನ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಬಂದಿದೆ. ಎಷ್ಟು ಹೊತ್ತು ಅಂತ ಡಾಕ್ಟರೇ ಹೇಳ್ಬೇಕು, ಮುಂದಿನ ಚೆಕಪ್ಪಿಗೆ ಗೊತ್ತಾಗುತ್ತೆ.