ಬಾಲಪ್ರತಿಭೆಯ ಎರಡು ಹಳೆಯ ಬ್ರಿಟಿಷ್ ಚಿತ್ರಗಳು: ಯಾವುದನ್ನು ನೋಡುವುದು?

ಮಗುವಿನ ಪ್ರತಿಭೆಗೆ ದೊಡ್ಡವರು ಹಕ್ಕು ಸಾಧಿಸುವ ಕಥೆ ಬೇಕೆಂದು ಹುಡುಕುವವರ ಮುಂದೆ 1950ರ ‘ಪ್ರಿಲ್ಯೂಡ್ ಟು ಫೇಮ್’ ಮತ್ತು 1954ರ ‘ಡ್ಯಾನ್ಸ್ ಲಿಟಲ್ ಲೇಡಿ’ ಎಂಬ ಎರಡು ಆಯ್ಕೆಗಳಿವೆ.

ಮೊದಲನೆಯದು ಕಪ್ಪು-ಬಿಳುಪಿನ ಚಿತ್ರ. ರಜೆಗೆಂದು ಇಟಲಿಗೆ ಬಂದ ಇಂಗ್ಲಿಷ್ ಕುಟುಂಬವೊಂದು ರೈತನ ಮಗ ಗೈಡೋನಲ್ಲಿ ಅಸಾಧಾರಣ ಸಂಗೀತಶಕ್ತಿಯನ್ನು ಕಾಣುತ್ತದೆ. ಮಕ್ಕಳಿಲ್ಲದ ಶ್ರೀಮಂತೆಯೊಬ್ಬಳು ಅವನನ್ನು ಹೆತ್ತವರಿಂದ ದೂರ ಒಯ್ದು, ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಲ್ಲುವ ನಿರ್ದೇಶಕನನ್ನಾಗಿ ಬೆಳೆಸುತ್ತಾಳೆ. ಆಲ್ಡಸ್ ಹಕ್ಸ್‌ಲಿಯ ಮೂಲಕಥೆಯಲ್ಲಿ ಹುಡುಗನ ನಿಜವಾದ ಒಲವು ಗಣಿತದ ಕಡೆಗಿತ್ತು. ಚಿತ್ರ ಅದನ್ನು ಸಂಗೀತಕ್ಕೆ ತಿರುಗಿಸಿತು. ಪರದೆಯ ಮೇಲೆ ಗಣಿತವನ್ನು ಕೇಳಿಸಲಾಗದು, ಹಾಗಾಗಿ ಈ ಬದಲಾವಣೆ ನನಗೆ ಸರಿಯೆನಿಸುತ್ತದೆ. ಗೈಡೋ ಆಗಿ ಜೆರೆಮಿ ಸ್ಪೆನ್ಸರ್ ಇದ್ದಾನೆ. ಆದರೆ ಮನಸ್ಸಿನಲ್ಲಿ ಉಳಿಯುವವಳು ಶ್ರೀಮಂತೆಯ ಪಾತ್ರದ ಕ್ಯಾಥ್ಲೀನ್ ಬೈರನ್. ಅವಳ ವಾತ್ಸಲ್ಯ ಎಲ್ಲಿ ಮುಗಿದು ಒಡೆತನ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯುವುದು ಕಷ್ಟ.

ವಾಲ್ ಗೆಸ್ಟ್ ನಿರ್ದೇಶನದ ಎರಡನೆಯದು ವರ್ಣಚಿತ್ರ. ಇಲ್ಲಿ ಜಗ್ಗಾಟ ಮನೆಯೊಳಗಿನದೇ: ಕಾಲಿನ ಗಾಯದಿಂದ ರಂಗ ತೊರೆದ ಬ್ಯಾಲೆ ನರ್ತಕಿ ತಾಯಿ, ಅವಳನ್ನು ಬಿಟ್ಟುಹೋಗಿ ಮಗಳ ಪ್ರತಿಭೆ ಕಂಡಮೇಲೆ ಮರಳುವ ತಂದೆ. 1952ರ ‘ಮ್ಯಾಂಡಿ’ಯಲ್ಲಿ ಕಿವಿ ಕೇಳದ ಬಾಲೆಯಾಗಿದ್ದ ಮ್ಯಾಂಡಿ ಮಿಲ್ಲರ್ ಮಗಳಾಗಿದ್ದಾಳೆ. ತಂದೆಯ ಪಾತ್ರ ತೀರ ಸರಳ ಖಳನದು, ಭಾವಾತಿರೇಕವೂ ಹೆಚ್ಚು. (ನಟ ಗೈ ರಾಲ್ಫ್ ಎರಡೂ ಚಿತ್ರಗಳಲ್ಲಿದ್ದಾನೆ, ಎರಡರಲ್ಲೂ ಸಜ್ಜನನೇ!)

ನೃತ್ಯದ ಆಸೆಗಾಗಿ, ಮನೆಮಂದಿಯೊಂದಿಗೆ ಕೂತು ನೋಡುವುದಾದರೆ ಎರಡನೆಯದು ಸಾಕು. ಒಂದನ್ನೇ ಆರಿಸಬೇಕಾದರೆ ನಾನು ‘ಪ್ರಿಲ್ಯೂಡ್ ಟು ಫೇಮ್’ ಅನ್ನೇ ಆರಿಸುತ್ತೇನೆ.